ಸೊನ್ನಿ ಬಿಲ್ಲು

ನಾಲ್ಕೇ ನಾಲ್ಕು ಯುನಿಟ್ಟಿನ ಸಲುವಾಗಿ ಶಂಭುಲಿಂಗಪ್ಪ ಮಾಸ್ತರರಿಗೆ ನಿದ್ದೆ ಇಲ್ಲದಂತಾಗಿತ್ತು. ತಿಂಗಳಿಗೆ ಇನ್ನೂರರ ಒಳಗಿದ್ದರೆ ಸರಕಾರದ ಯೋಜನೆಯಲ್ಲಿ ಕರೆಂಟಿನ ಬಿಲ್ಲು ಸೊನ್ನೆ. ಮೇಲೆ ಒಂದು ಹತ್ತಿದರೂ ಪೂರಾ ಬಿಲ್ಲು ಕಟ್ಟಬೇಕು. ಮಾಸ್ತರರ ಮನೆ ವರ್ಷದಿಂದ ಪ್ರತಿ ತಿಂಗಳೂ ಮೂರೋ ನಾಲ್ಕೋ ಯುನಿಟ್ ಮೀರುತ್ತಲೇ ಇತ್ತು.

"ಮತ್ತ್ಯಾರು ತಿಂತಾರ? ನಿಮ್ಮ ಆ ಡಬ್ಬಿನ ತಿಂತೈತಿ," ಎಂದು ಹೆಂಡತಿ ಗುರವ್ವ ಕಂಪ್ಯೂಟರಿನ ಕಡೆ ಕೈ ಮಾಡಿದ್ದಳು. "ಇನ್ನೊಮ್ಮೆ ಬಿಲ್ ಬಂತಂದ್ರ ನೋಡ್ರಿ, ಅದನ್ನ ನನ್ನ ತಮ್ಮ ಒಯ್ತಾನ."

ಕುಂದಗೋಳದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ರಿಟೈರಾದ ಮೇಲೆ ಬೆಳಗಾದರೆ ಏಳಲು ಮಾಸ್ತರರಿಗಿದ್ದ ಕಾರಣ ಆ ಕಂಪ್ಯೂಟರೊಂದೇ. ಅಪ್ಪ ಒಂದು ಟ್ರಂಕು ತುಂಬ ಕ್ಯಾಸೆಟ್ಟು ಬಿಟ್ಟುಹೋಗಿದ್ದ. ಊರಿನ ಪಡಸಾಲೆಗಳಲ್ಲಿ ನಡೆದ ಸಂಗೀತದ ಬೈಠಕ್ಕುಗಳೆಲ್ಲ ಅದರಲ್ಲಿದ್ದವು. ಒಂದೊಂದಕ್ಕೂ ಬೂಸ್ಟು ಹಿಡಿಯತೊಡಗಿತ್ತು. ಪೂರಾ ಕೆಡುವುದರೊಳಗೆ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಬೇಕು. ಹಾಡುವವರು ಎಷ್ಟು ಹೊತ್ತು ಹಾಡಿದ್ದಾರೋ ಅಷ್ಟು ಹೊತ್ತು, ಹಗಲಾಗಲಿ ರಾತ್ರಿಯಾಗಲಿ, ಯಂತ್ರ ನಡೆಯಲೇಬೇಕು. ಯಮನ್ ರಾಗಕ್ಕೆ ಬೇಗ ಮುಗಿಸಪ್ಪಾ ಎನ್ನಲು ಬರುತ್ತದೆಯೇ?

ಉಪಾಯ ಹೇಳಿದವರು ಬಾಜು ಮನೆಯ ಕೃಷ್ಣಾಜಿ. ಪೋಸ್ಟ್ ಆಫೀಸಿನಿಂದ ರಿಟೈರಾದವರು, ಸಲಹೆ ಕೊಡುವುದರಿಂದ ಮಾತ್ರ ರಿಟೈರಾಗಿರಲಿಲ್ಲ.

"ಮಾಸ್ತರ, ನಿಮ್ಮ ಕಂಪ್ಯೂಟರಿಗೆ ಕರೆಂಟ್ ಕೊಡೂ ಪವರ್ ಸಪ್ಲೈ ಹಳೇದಾಗ್ಯದ. ಹತ್ತು ರೂಪಾಯಿ ಕರೆಂಟ್ ಕೊಟ್ರ ನಾಕು ರೂಪಾಯಿದ್ದು ತಾನ ನುಂಗ್ತದ. ಹೊಸಾದು ಹಾಕ್ರಿ, ಉಳಿತಾಯ ನೋಡ್ರಿ."

ಹುಬ್ಬಳ್ಳಿಯ ದಾನೀಶ್ ತನ್ನ ಕಂಪ್ಯೂಟರ್ ಅಂಗಡಿಯಲ್ಲಿ ಹಳೆಯದನ್ನು ಕಿತ್ತು ಹೊಸದನ್ನು ಕೂಡಿಸಿಕೊಟ್ಟ. ಕರೆಂಟ್ ಉಳಿಸುತ್ತದೆ ಎಂಬುದಕ್ಕೆ ಅದರ ಮೇಲೆ ಬಂಗಾರದ ಬಣ್ಣದ ಮುದ್ರೆಯಿತ್ತು, ಬೆಲೆಯೂ ಹಾಗೇ ಇತ್ತು. "ಬಂಗಾರ ಅಂದ್ರ ಕೊರಳಿಗೆ ಹಾಕೂದು ಅಂತ ತಿಳ್ಕೊಂಡಿದ್ದೆ," ಎಂದಳು ಗುರವ್ವ.

ಅದಾಗಿ ತಿಂಗಳಾಯಿತು. ಇವತ್ತು ಮೀಟರಿನವ ಬರುವ ದಿನ. ಥಂಡಿಯಲ್ಲಿ ತಲೆಗೆ ಮಫ್ಲರು ಸುತ್ತಿಕೊಂಡು ಮಾಸ್ತರರು ಗೇಟಿನ ಹತ್ತಿರ ನಿಂತಿದ್ದರು. ಅಷ್ಟರಲ್ಲಿ ಬಾಗಿಲಲ್ಲೇ ಜಗಳ ಹತ್ತಿತು.

ಗುರವ್ವ ಬೋಗಾಣಿ ಬಗ್ಗಿಸಿ ಹಾಲಿನ ರೇಣುಕವ್ವನಿಗೆ ತೋರಿಸುತ್ತಿದ್ದಳು. ಮೊಸರಾಗಬೇಕಾದದ್ದು ಹಾಲಾಗಿಯೇ ಹರಿಯುತ್ತಿತ್ತು.

"ತಿಂಗಳಾತು, ಮಸರ ಆಗವಲ್ದು. ಹೆಪ್ಪ ಬದಲ ಮಾಡಿದೆ, ಬೋಗಾಣಿ ಬದಲ ಮಾಡಿದೆ. ಇನ್ನ ಉಳದಾಕಿ ನೀನ."

"ನನ್ನ ಎಮ್ಮಿ ಹಾಲಿಗೆ ಹೆಸರ ಇಡಬ್ಯಾಡ್ರಿ ಅಕ್ಕಾರ. ಓಣಿ ತುಂಬ ಮಸರ ಆಕ್ಕೈತಿ, ನಿಮ್ಮ ಮನ್ಯಾಗಷ್ಟ ಯಾಕ ಆಗೂದಿಲ್ಲ?"

"ರೀ, ನೀವ ಹೇಳ್ರಿ, ಇದು ಹಾಲೋ ನೀರೋ?"

"ಮೀಟರಿನವ ಎರಡ ಮನಿ ಆಚೆ ಅದಾನ. ಅವ ಹೋದಮ್ಯಾಲೆ ಜಗಳಾಡ್ರೆವಾ," ಎಂದರು ಮಾಸ್ತರರು. ಈ ಮಾತಿಗೆ ಇಬ್ಬರೂ ಒಂದಾಗಿ ಅವರ ಮೇಲೆ ಬಿದ್ದರು.

ಗದ್ದಲ ಕೇಳಿ ಕೃಷ್ಣಾಜಿ ಬಾಯಲ್ಲಿ ಬ್ರಶ್ಶಿಟ್ಟುಕೊಂಡೇ ಬಂದರು. ಉಗುಳಿ, ಬಾಯಿ ಒರೆಸಿಕೊಂಡು ನ್ಯಾಯಕ್ಕೆ ಕೂತರು.

"ವೈನಿ, ರಾತ್ರಿ ಬೋಗಾಣಿ ಎಲ್ಲೆ ಇಡ್ತೀರಿ?"

"ಮತ್ತೆಲ್ಲೆ ಇಡೂದ್ರಿ ಈ ಥಂಡ್ಯಾಗ? ಬೆಚ್ಚಗಿರೂ ಕಡೆ. ಕಂಪ್ಯೂಟರಿನ ಹಿಂದ."

ಮಾಸ್ತರರು ವರ್ಷಗಟ್ಟಲೆ ಕಂಪ್ಯೂಟರಿನ ಮುಂದೆ ಕೂತವರು, ಹಿಂದೆ ಹಣಿಕಿ ನೋಡಿದವರಲ್ಲ. ಎಲ್ಲರೂ ಒಳಗೆ ನುಗ್ಗಿದರು, ಹಾಲಿನ ಕ್ಯಾನು ಹಿಡಿದು ರೇಣುಕವ್ವನೂ. ಯಂತ್ರ ನಡೆದೇ ಇತ್ತು, ಟೇಪಿನಲ್ಲಿ ಯಾರೋ ಆಲಾಪ ಎತ್ತಿದ್ದರು. ಕೃಷ್ಣಾಜಿ ಹಿಂದೆ ಕೈಯಾಡಿಸಿದರು.

"ಅಗದಿ ಥಣ್ಣಗದ."

ಮಾಸ್ತರರಿಂದ ದಾನೀಶನಿಗೆ ಫೋನು ಹಚ್ಚಿಸಿ, ಸ್ಪೀಕರಿಗೆ ಹಾಕಿಸಿದರು.

"ಬಿಸಿ ಆಗೂದ ಇಲ್ರಿ ಸರ್," ದಾನೀಶನ ದನಿಯಲ್ಲಿ ಹೆಮ್ಮೆ. "ಅದಕ್ಕ ಅಷ್ಟು ರೊಕ್ಕ. ಹಳೇದು ಕರೆಂಟ್ ತಿಂದು ಸುಮ್ನ ಬಿಸಿಗಾಳಿ ಹೊರಗ ಬಿಡ್ತಿತ್ತು."

"ಸುಮ್ನ?" ಎಂದಳು ಗುರವ್ವ. "ಅದು ಮಸರ ಮಾಡ್ತಿತ್ತಪಾ."

"ಹಳೇದು ಐತೇನೋ?" ಮಾಸ್ತರರು ಮೆಲ್ಲಗೆ ಕೇಳಿದರು.

"ಆವತ್ತ ಗುಜರಿಗೆ ಹೋತ್ರಿ ಸರ್."

ರೇಣುಕವ್ವ ಸೊಂಟಕ್ಕೆ ಕೈ ಇಟ್ಟಳು. "ಈಗರ ಗೊತ್ತಾತಲ್ರಿ? ಸುಮ್ಸುಮ್ನ ನನ್ನ ಎಮ್ಮಿಗೆ ಅಂದ್ರಿ." ಅವತ್ತಿನ ಹಾಲು ಅಳೆಯದೆ ಹೊರಟೇಬಿಟ್ಟಳು. ಚಹಾಕ್ಕೂ ಗತಿಯಿಲ್ಲದಂತಾಯಿತು.

ಅಷ್ಟರಲ್ಲಿ ಹೊರಗಿನಿಂದ ಮೀಟರಿನವ ಕೂಗಿದ. ಮಾಸ್ತರರು ಓಡಿಹೋಗಿ ಚೀಟಿ ಇಸಿದುಕೊಂಡರು. ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ನೂರಾ ತೊಂಬತ್ತಾರು ಯುನಿಟ್. ಕಟ್ಟಬೇಕಾದದ್ದು ಸೊನ್ನೆ. ಅವರ ಕಣ್ಣಲ್ಲಿ ನೀರೇ ಬಂತು. ಮೊಸರು ಹೋಗಲಿ, ಹಾಲು ಹೋಗಲಿ, ಕ್ಯಾಸೆಟ್ಟುಗಳು ಉಳಿದವು.

"ಹೇಳಿದ್ನಲ್ರಿ?" ಎಂದು ಕೃಷ್ಣಾಜಿ ಬೆನ್ನು ತಟ್ಟಿ ಮನೆಗೆ ಹೋದರು.

ಗುರವ್ವ ಚೀಟಿಯನ್ನು ಪೂರಾ ಓದಿದಳು, ಮಡಚಿ ಸಕ್ಕರೆ ಡಬ್ಬಿಯ ಕೆಳಗಿಟ್ಟಳು. ಆಮೇಲೆ ತಮ್ಮನಿಗೆ ಫೋನು ಹಚ್ಚಿದಳು. "ನಾಳೆ ಬಂದು ಕಂಪ್ಯೂಟರ್ ತಗೊಂಡ ಹೋಗೋ."

"ಏ, ಸೊನ್ನಿ ಬಂದೈತಲ್ಲ," ಮಾಸ್ತರರು ಹಿಂದೆಯೇ ಬಂದರು. "ಬಿಲ್ ಬಂದ್ರಷ್ಟ ಕಳಸ್ತೇನಿ ಅಂದಿದ್ದಿ."

"ಅಂದಿದ್ದೆ. ವರ್ಷಾತು, ಪ್ರತಿ ತಿಂಗಳಾ ಅಂದೇನಿ. ಒಂದ ದಿನಾನರ ಕಳಿಸಿದ್ನೇನ್ರಿ?" ಗುರವ್ವ ಬೋಗಾಣಿ ಎತ್ತಿಕೊಂಡಳು. "ಬಿಲ್ ಬರ್ಲಿ, ಮಸರಿಗರ ಆಕ್ಕೈತಿ ಅಂತ ಇಟ್ಕೊಂಡಿದ್ದೆ. ಈಗ ಅದೂ ಆಗೂದಿಲ್ಲ. ಇಟ್ಕೊಂಡು ಏನ ಮಾಡ್ಲಿ?"

ಒಳಗೆ ಆಲಾಪ ಇನ್ನೂ ನಡೆದಿತ್ತು. ಅದೊಂದಾದರೂ ಮುಗಿಯಲಿ ಎಂದು ಮಾಸ್ತರರು ಹೋಗಿ ಕಂಪ್ಯೂಟರಿನ ಮುಂದೆ ಕೂತರು.