ಲಿವರ್ ಮೇಲೆ ಮಾವನ ಮುನಿಸು

ನಮ್ಮ ಸೋದರಮಾವನಷ್ಟು ತನ್ನ ಲಿವರ್ ಮೇಲೆ ಮುನಿಸಿಕೊಂಡ ಮನುಷ್ಯ ಮೈಸೂರು ಜಿಲ್ಲೆಯಲ್ಲಿ ಇನ್ನೊಬ್ಬನಿರಲಾರ! ನಂಜನಗೂಡಿನಲ್ಲಿ ಬೆಲ್ಲದ ಅಂಗಡಿ, ಹಣೆ ತುಂಬ ವಿಭೂತಿ, ಹೆಂಡದಂಗಡಿಯಿರುವ ಬೀದಿಯಲ್ಲಿ ಕಾಲೇ ಇಡದ ವ್ರತ. ಅಂಥವರಿಗೆ ಮೈಸೂರಿನ ಡಾಕ್ಟರು ಸ್ಕ್ಯಾನ್ ನೋಡಿ, "ಲಿವರ್‌ನಲ್ಲಿ ಕೊಬ್ಬು ತುಂಬಿದೆ" ಎಂದರೆ ಹೇಗಾಗಬೇಡ?

"ಬ್ಯಾರೆ ಯಾರ್ದೋ ಪೋಟ ನೋಡ್ತಿದ್ದೀರಿ ಸಾ. ನಾನು ಒಂದು ತೊಟ್ಟೂ ಕುಡ್ದೋನಲ್ಲ!"

"ಕುಡಿಯದವರಿಗೂ ಬರುತ್ತೆ. ಸಿಹಿ, ಕರಿದದ್ದು, ಕೂತಲ್ಲೇ ಕೂರೋದು, ಇಷ್ಟು ಸಾಕು. ಹೀಗೇ ಬಿಟ್ಟರೆ ಲಿವರ್ ಗಟ್ಟಿಯಾಗುತ್ತೆ, ಆಮೇಲೆ ಕಷ್ಟ. ಈಗ ತೂಕ ಇಳಿಸಿದರೆ ಸರಿಹೋಗಬಹುದು" ಎಂದರು ಡಾಕ್ಟರು.

ಇದು ತೊಂಬತ್ತರ ದಶಕದ ಕೊನೆಯೋ, ಎರಡು ಸಾವಿರದ ಈಚೆಯೋ? ನನ್ನ ನೆನಪನ್ನು ನಾನೇ ನಂಬುವುದಿಲ್ಲ. ವಿಶ್ವವಿದ್ಯಾನಿಲಯದಲ್ಲಿ ಗಟ್ಟಿಯಾಗಿ ಕಲಿತದ್ದು ಆ ಅನುಮಾನವೊಂದನ್ನೇ! ಆದರೆ ಬಸ್ಸಿನಲ್ಲಿ ಮರಳುವಾಗ ಮಾವ ನನ್ನ ಪಕ್ಕದಲ್ಲಿ ಕೂತು ಊರು ಬರುವವರೆಗೂ ಆ ಸ್ಕ್ಯಾನ್ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. ಅದು ಮಾತ್ರ ನಿಜ.

ಮರುದಿನದಿಂದ ವಾಕಿಂಗ್. ಕಪಿಲೆಯ ದಂಡೆಯವರೆಗೆ ಬಿರುಸಿನ ನಡಿಗೆ, ವಾಪಸು ಬರುತ್ತ ಹೋಟೆಲಿನಲ್ಲಿ ಮಸಾಲೆ ದೋಸೆ. "ನಡ್ದಿದ್ದಕ್ಕೆ ಕೂಲಿ ಬ್ಯಾಡ್ವೇನ್ಲಾ?" ತೂಕ ಏರಿತು!

ನಿಜವಾದ ಪರೀಕ್ಷೆ ಟಿ. ನರಸೀಪುರದ ಮದುವೆ. ನಮ್ಮ ಕಡೆ ಪಂಕ್ತಿಯಲ್ಲಿ ಕೂತವನಿಗೆ "ಸಾಕು" ಎನ್ನುವ ಹಕ್ಕಿಲ್ಲ. ಎಲೆಗೆ ಕೈ ಅಡ್ಡ ಹಿಡಿದರೆ ಕೈಮೇಲೆಯೇ ಒಬ್ಬಟ್ಟು ಬೀಳುತ್ತದೆ. ಬೇಡವೆಂದರೆ ಬೀಗರು ಮುನಿಯುತ್ತಾರೆ. ಆದರೆ ಬಡಿಸುವವನನ್ನು ಯಾರೂ ಬಲವಂತ ಮಾಡುವುದಿಲ್ಲವಲ್ಲ! ಮಾವ ಪಂಚೆ ಎತ್ತಿ ಕಟ್ಟಿ ಸಾರಿನ ಬಕೆಟ್ ಹಿಡಿದರು. ಪಂಕ್ತಿಯ ಮೇಲೆ ಪಂಕ್ತಿ, ಮೈಲಿಗಟ್ಟಲೆ ಓಡಾಟ! ಕೊನೆಗೆ ಒಂದಿಷ್ಟು ಅನ್ನ, ಪಲ್ಯ, ಮಜ್ಜಿಗೆ ಉಂಡು ಎದ್ದರು. ಅಂದಿನಿಂದ ತಾಂಡವಪುರದಿಂದ ತಲಕಾಡಿನವರೆಗೆ ಯಾರ ಮದುವೆಯಾದರೂ ಬಕೆಟ್ ಅವರದೇ. ಕರೆಯದ ಮದುವೆಯಲ್ಲೂ ಬಡಿಸಿ ಬಂದರಂತೆ. ಇದು ನಾನು ಸೇರಿಸಿದ್ದೂ ಇರಬಹುದು.

ಮುಂದಿನ ವರ್ಷ ಮತ್ತೆ ಸ್ಕ್ಯಾನ್. "ಕೊಬ್ಬು ಬಹಳ ಇಳಿದಿದೆ, ಹೀಗೇ ಮುಂದುವರಿಸಿ" ಎಂದರು ಡಾಕ್ಟರು.

"ಡಾಕ್ಟರಿಗೆ ಅಷ್ಟೊಂದು ಹೆದರಿದ್ರಾ ಮಾವ?" ಎಂದು ರೇಗಿಸಿದೆ.

"ಡಾಕ್ಟ್ರಿಗ್ಯಾಕ್ಲಾ ಎದರ್ಲಿ? ನರಸೀಪುರದ ಮದ್ವೆ ಹಿಂದಿನ್ ದಿನ ಮನೇಲಿ ಉಣ್ಣಕ್ಕೆ ಕುಂತೆ. ನಿಮ್ಮತ್ತೆ ತುಪ್ಪ ತಂದ್ಲು. ಬಡುಸ್ದಿದ್ರೆ ನಾನು ಮುನಿಸ್ಕತೀನಿ, ಬಡುಸುದ್ರೆ ನಂಗೇನಾರ ಆಗೋಯ್ತದೆ ಅಂತ ಅಂಗೇ ನಿಂತ್ಬುಟ್ಲು ಕಣ್ಲಾ."

ಮಾವ ಕತ್ತು ಆಚೆ ತಿರುಗಿಸಿದರು.

"ನಾನೇ ಇಸ್ಕಂಡು ಕೆಳಗಿಟ್ಟು, 'ಕುಂತ್ಕ, ನೀನೂ ಉಣ್ಣು' ಅಂದೆ. ಮದ್ವೆ ಆದಾಗಿಂದ ಇಬ್ರೂ ಜೊತ್ಗೆ ಕುಂತು ಉಂಡಿದ್ದು ಅವತ್ತೇ ಮೊದ್ಲು."