ಒಬ್ಬೊಬ್ಬರೇ ಮಾತಾಡಿ, ಮಾರಾಯ್ರೆ!

ನನ್ನ ಸೋದರಮಾವನನ್ನು ಮದುವೆಗೆ ಕರೆಯದಿದ್ದರೆ ಅವರಿಗೆ ಬೇಸರ. ಕರೆದರೆ ಮದುವೆ ಮನೆಯವರಿಗೆ ಬೇಸರ. ನಡುವೆ ಬೈಗುಳ ತಿನ್ನುವವನು ನಾನು. ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುವ ಪಾಪಿ ನಾನೇ ಅಲ್ಲವೇ!

ಮಾವ ಕುಡಿಯುವವರಲ್ಲ. ಜಗಳಗಂಟರೂ ಅಲ್ಲ, ಹಾಗೆಂದು ಅವರೇ ಹೇಳುತ್ತಾರೆ. ಅವರ ಕಾಯಿಲೆ ಒಂದೇ: ಇಬ್ಬರು ಒಟ್ಟಿಗೆ ಮಾತಾಡಿದರೆ ಅವರ ತಲೆ ಕಾದ ಕಾವಲಿಯಾಗುತ್ತದೆ. ಮೂರು ಜನ ಸೇರಿದರೆ ನಾಲ್ಕು ಭಾಷೆಯಲ್ಲಿ ಐದು ವಿಷಯ ಮಾತಾಡುವ ಈ ಮಂಗಳೂರಿನಲ್ಲಿ ಇಂಥ ಮನುಷ್ಯ ಹುಟ್ಟಿದ್ದಾದರೂ ಹೇಗೆ?

ತೊಕ್ಕೊಟ್ಟಿನ ಒಂದು ಮದುವೆಯಲ್ಲಿ ವೇದಿಕೆಯ ಬಲಗಡೆ ಸ್ಯಾಕ್ಸೋಫೋನ್, ಎಡಗಡೆ ಡಿಜೆ. ಎರಡೂ ಏಕಕಾಲಕ್ಕೆ! ಮಾವ ಸೀದಾ ಹೋಗಿ ಡಿಜೆಯ ವಯರ್ ಎಳೆದು ಕೈಯಲ್ಲಿ ಹಿಡಿದು ನಿಂತರು. ಹುಡುಗಿಯ ತಂದೆ ಓಡಿ ಬಂದರು.

"ಎಂತ ಮಾಡಿದ್ದು ನೀವು?"

"ನಾನು ಎಂತದೂ ಮಾಡಲಿಲ್ಲ. ಸ್ವಲ್ಪ ಹೊತ್ತು ಅವರು, ಸ್ವಲ್ಪ ಹೊತ್ತು ಇವರು. ಇಬ್ಬರಿಗೂ ಹಣ ಕೊಟ್ಟಿದ್ದೀರಲ್ಲ, ಇಬ್ಬರದ್ದೂ ಕೇಳುವುದು ಬೇಡವಾ?"

ಹೆಚ್ಚು ಕಂಗಾಲಾದದ್ದು ಸ್ಯಾಕ್ಸೋಫೋನಿನವರು. ಅದುವರೆಗೆ ಗದ್ದಲದಲ್ಲಿ ಮುಚ್ಚಿಹೋಗುತ್ತಿದ್ದ ತಮ್ಮ ಅಪಸ್ವರ ಮೊದಲ ಬಾರಿಗೆ ಅವರಿಗೇ ಕೇಳಿಸಿತ್ತು! "ಆ ವಯರ್ ಒಮ್ಮೆ ಹಾಕಿಬಿಡಿ ಮಾರಾಯ್ರೆ" ಎಂದು ಅವರೇ ಕೈಮುಗಿದರು.

ಇಂಥ ಮಾವನನ್ನು ನಾನು ಕೆಲಸಕ್ಕಿದ್ದ ಕೋಲ್ಡ್ ಸ್ಟೋರೇಜಿಗೆ ಸೇರಿಸಿದೆ ಎಂದರೆ ನನ್ನ ಧೈರ್ಯವನ್ನು ಮೆಚ್ಚಬೇಕು. ಮಸ್ಕತ್ತಿನಲ್ಲಿ ಬಹುಕಾಲ ವಯರ್‌ಲೆಸ್ ಉಪಕರಣಗಳ ರಿಪೇರಿ ಮಾಡಿ ಬಂದವರು. ನಮ್ಮಲ್ಲಿಯೂ ವಯರ್‌ಲೆಸ್ಸಿನದೇ ಒಂದು ತೊಂದರೆ ಇತ್ತು. ಹೊರದೇಶಕ್ಕೆ ಹೋಗುವ ಸಿಗಡಿಯ ಪ್ರತಿ ಪೆಟ್ಟಿಗೆಗೂ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ರೇಡಿಯೋ ಟ್ಯಾಗ್ ಅಂಟಿಸುತ್ತಿದ್ದೆವು. ಅದರೊಳಗೊಂದು ಪುಟ್ಟ ಬ್ಯಾಟರಿ. ಪೆಟ್ಟಿಗೆ ಎಷ್ಟು ತಣ್ಣಗಿದೆ ಎಂದು ಟ್ಯಾಗ್ ಗುರುತಿಟ್ಟುಕೊಳ್ಳುತ್ತದೆ. ಪೆಟ್ಟಿಗೆ ಬಾಗಿಲು ದಾಟುವಾಗ ಮೇಲೆ ಕೂರಿಸಿದ ರೀಡರ್ ಯಂತ್ರ "ಯಾರು ನೀನು? ಚಳಿ ಎಷ್ಟು?" ಎಂದು ಕೇಳುತ್ತದೆ, ಟ್ಯಾಗ್ ಉತ್ತರ ಕೊಡುತ್ತದೆ. ಆ ಉತ್ತರಗಳಿಲ್ಲದ ಸಿಗಡಿಯನ್ನು ಹೊರದೇಶದವರು ಮೂಸಿಯೂ ನೋಡುವುದಿಲ್ಲ.

ನಮ್ಮಲ್ಲಿ ಅಕ್ಕಪಕ್ಕ ಎರಡು ಬಾಗಿಲು, ಎರಡು ರೀಡರ್. ಒಂದನೇ ಬಾಗಿಲಿನಿಂದ ಹೋದ ಪೆಟ್ಟಿಗೆ ಎರಡನೇ ಬಾಗಿಲಿನಿಂದ ಹೋಯಿತೆಂದು ಕಂಪ್ಯೂಟರ್ ಹೇಳುತ್ತಿತ್ತು. ಕೆಲವು ಪೆಟ್ಟಿಗೆಗಳು ಲಾರಿ ಹತ್ತಿ ಹೋದ ಮೇಲೂ ಒಳಗೇ ಇವೆ ಎಂದು ವಾದಿಸುತ್ತಿತ್ತು. ಯಂತ್ರ ಕೊಟ್ಟ ಕಂಪೆನಿಯವರು ಬಂದು ರೀಡರಿನ ಪವರ್ ಹೆಚ್ಚಿಸಿದರು. ಗೊಂದಲವೂ ಹೆಚ್ಚಿತು. ನಮ್ಮ ಧಣಿಗಳು, "ಇನ್ನೂ ಜಾಸ್ತಿ ಮಾಡಿ!" ಎಂದರು.

"ಕಡಿಮೆ ಮಾಡಬೇಕು" ಎಂದರು ಮಾವ.

"ಅಲ್ಲ ಮಾರಾಯ್ರೆ, ಕೇಳಿಸದವನ ಹತ್ತಿರ ಯಾರಾದರೂ ಸಣ್ಣಕ್ಕೆ ಮಾತಾಡ್ತಾರಾ?"

"ಕೇಳಿಸ್ತದೆ ಅದಕ್ಕೆ! ಬ್ಯಾಟರಿ ಉಂಟಲ್ಲ, ಕಿವಿ ಭಾರೀ ಚುರುಕು. ಪಕ್ಕದ ಬಾಗಿಲಿನವ ಕರೆದದ್ದೂ ಕೇಳ್ತದೆ, ಅದಕ್ಕೂ ಉತ್ತರ ಕೊಡ್ತದೆ. ಆದರೆ ಅದರ ಸ್ವರ ಸಣ್ಣದು. ಒಬ್ಬ ಉತ್ತರಕ್ಕೆ ಕಾಯುವಾಗ ಇನ್ನೊಬ್ಬ ಬೊಬ್ಬೆ ಹೊಡೆದರೆ ಎಂತ ಕೇಳ್ತದೆ, ಮಣ್ಣು?"

ಧಣಿಗಳ ಮುಖ ಕೆಂಪಾಯಿತು. "ರೀಡರಿಗೆ ಕೈ ಹಾಕಿದರೆ ನಾಳೆಯಿಂದ ಬರುವುದು ಬೇಡ. ನೀವೂ, ನಿಮ್ಮ ಅಳಿಯನೂ!"

ಅಳಿಯನ ಅಪರಾಧ ಏನು ಎಂದು ಕೇಳಲು ನಾನು ಬಾಯಿ ತೆರೆದೆ. "ಅವರದ್ದು ಮುಗಿಯಲಿ" ಎಂದು ಮಾವ ನನ್ನನ್ನೇ ತಡೆದರು!

ಮರುದಿನ ಬೆಳಿಗ್ಗೆ ಧಣಿಗಳು ಬರುವ ಮೊದಲೇ ಮಾವ ಕೈ ಹಾಕಿ ಆಗಿತ್ತು. ಎರಡೂ ರೀಡರುಗಳ ಪವರ್ ಇಳಿಸಿದರು. ಅವುಗಳ ಮುಖವನ್ನು ತಂತಮ್ಮ ಬಾಗಿಲಿನ ಕಡೆಗೇ ಬಗ್ಗಿಸಿದರು. ನಡುವೆ ಕಬ್ಬಿಣದ ಜಾಲರಿ ಇಳಿಬಿಟ್ಟರು. ಒಂದು ಕೇಳುವಾಗ ಇನ್ನೊಂದು ಬಾಯಿ ಮುಚ್ಚಿರಬೇಕೆಂದು ಕಂಪ್ಯೂಟರಿನಲ್ಲಿ ಸರದಿ ಬರೆದರು. ನಾನು ಪಕ್ಕದಲ್ಲಿ ನಿಂತು, ಕೆಲಸ ಹೋದರೆ ಎಂತ ಮಾಡುವುದೆಂದು ಯೋಚಿಸುತ್ತಿದ್ದೆ. ಮೀನುಗಾರರ ಬೆಂಗ್ರೆಗೆ ಹೋಗಿ ಬಲೆ ಹೆಣೆಯೋಣವೆಂದರೆ ನನಗೆ ಚಪ್ಪಲಿಯ ಬಾರು ಹೊಲಿಯಲೂ ಬಾರದು!

ಧಣಿಗಳು ಬಂದರು. ಕಂಟೈನರ್ ಹಿಂದಕ್ಕೆ ಬಂದು ನಿಂತಿತು. ಪೆಟ್ಟಿಗೆಗಳು ಹೊರಟವು. ಒಂದು ಹೋಯಿತು, ಇನ್ನೊಂದು ಹೋಯಿತು. ಕಂಪ್ಯೂಟರಿನಲ್ಲಿ ಒಂದಾದರೂ ಕಾಣಿಸಬೇಡವೇ? ಊಹುಂ!

"ಬೊಬ್ಬೆ ನಿಲ್ಲಿಸಲಿಕ್ಕೆ ಹೋಗಿ ಮೌನವ್ರತ ಮಾಡಿಸಿದಿರಿ" ಎಂದರು ಧಣಿಗಳು. "ಮೊದಲು ಇದ್ದ ಹಾಗೆ ಮಾಡಿ, ಮನೆಗೆ ಹೋಗಿ."

ಬೇರೆ ಯಾರೇ ಆಗಿದ್ದರೂ ತಲೆ ತಗ್ಗಿಸುತ್ತಿದ್ದರು. ಮಾವ ಕುರ್ಚಿ ಎಳೆದು ಕಂಪ್ಯೂಟರಿನ ಮುಂದೆ ಕೂತರು. "ಮನೆಗೆ ಹೋಗ್ತೇನೆ, ಅದಕ್ಕೆಂತ! ಇದು ಸರಿಯಾದ ಮೇಲೆ ಹೋಗ್ತೇನೆ. ಸ್ವಲ್ಪ ಅತಿಯಾಗಿ ಇಳಿಸಿದೆ, ಅಷ್ಟೇ. ಇಳಿಸಿದ್ದು ತಪ್ಪಲ್ಲ." ಧಣಿಗಳು ಅವರ ತಲೆಯ ಮೇಲೆ ನಿಂತು ಬೈಯುತ್ತಲೇ ಇದ್ದರು; ಇವರು ತಲೆ ಎತ್ತಲಿಲ್ಲ. ಪವರನ್ನು ಎಳ್ಳಷ್ಟು ಏರಿಸಿದರು, ಪೆಟ್ಟಿಗೆಗಳನ್ನು ಒಳಗೆ ತರಿಸಿ ಮತ್ತೆ ಕಳುಹಿಸಿದರು. ಇನ್ನೂ ಎಳ್ಳಷ್ಟು ಏರಿಸಿದರು. ಆಗ ಒಂದು ಪೆಟ್ಟಿಗೆ ಮಾತಾಡಿತು. ಅದರ ಹಿಂದೆ ಇನ್ನೊಂದು. ಒಂದನೇ ಬಾಗಿಲಿನದು ಒಂದನೇ ಬಾಗಿಲಿಗೆ, ಎರಡನೆಯದು ಎರಡನೆಯದಕ್ಕೆ! ಕಂಟೈನರ್ ತುಂಬಿ ಬಾಗಿಲು ಹಾಕುವಾಗ ಬಿಟ್ಟುಹೋದದ್ದು ಒಂದೂ ಇರಲಿಲ್ಲ.

ಧಣಿಗಳೂ ಮ್ಯಾನೇಜರೂ ಕೂಡಲೇ ಸುತ್ತುವರಿದು ಹೊಗಳತೊಡಗಿದರು. "ನನಗೆ ಮೊದಲೇ ಗೊತ್ತಿತ್ತು", "ಭಾರೀ ತಲೆ ನಿಮ್ಮದು" ಎಂದು ಇಬ್ಬರೂ ಒಟ್ಟಿಗೆ!

ಮಾವ ಕೈ ಎತ್ತಿದರು. "ಒಬ್ಬೊಬ್ಬರೇ ಹೊಗಳಿ. ನನಗೆ ಪೂರ್ತಿ ಕೇಳಬೇಕು."

ಅಮ್ಮನಿಗೆ ಪಾರ್ಶ್ವವಾಯು ಬಡಿದದ್ದು ಆ ಮಳೆಗಾಲದಲ್ಲಿ. ಆಸ್ಪತ್ರೆಯಿಂದ ದೇರೆಬೈಲಿನ ಮನೆಗೆ ಕರೆತಂದಾಗ ಬಲಗೈ ಬಿದ್ದುಹೋಗಿತ್ತು. ಮಾತು ನಾಲಗೆಯ ತುದಿಗೆ ಬಂದು ಜಾರಿ ಹೋಗುತ್ತಿತ್ತು. ನೋಡಲು ಬಂದ ನೆಂಟರಿಂದ ಕೋಣೆ ತುಂಬಿತು. "ನೀರು ಬೇಕಾ?" "ನನ್ನ ಗುರುತು ಸಿಕ್ಕಿತಾ?" "ನೋವು ಉಂಟಾ?" ಅಮ್ಮನ ತುಟಿ ಅಲುಗಾಡುತ್ತಿತ್ತು. ಸ್ವರ ಹೊರಡುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಬಂದು ಬೀಳುತ್ತಿತ್ತು. ಕೊನೆಗೆ ಅವಳು ಕಣ್ಣು ಮುಚ್ಚಿಕೊಂಡಳು.

ಮಾವ ಬಾಗಿಲಲ್ಲಿ ನಿಂತು ನೋಡಿದರು. "ಎಲ್ಲರೂ ಹೊರಗೆ ಹೋಗಿ."

ಅವರ ದೊಡ್ಡಕ್ಕ, ಅಂದರೆ ನನ್ನ ದೊಡ್ಡಮ್ಮ, ಸೊಂಟಕ್ಕೆ ಕೈ ಕೊಟ್ಟರು. ಆ ಮನೆಯಲ್ಲಿ ಅವರಿಗೆ ಎದುರಾಡಿದವರು ಯಾರೂ ಇಲ್ಲ. "ನಾವು ನೋಡಲಿಕ್ಕೆ ಬಂದದ್ದು!"

"ನೋಡಿ ಆಯ್ತಲ್ಲ ಅಕ್ಕ? ಇನ್ನು ಕೇಳಲಿಕ್ಕೆ ಉಂಟು."

ದೊಡ್ಡಮ್ಮ ಸಮೇತ ಎಲ್ಲರನ್ನೂ ದಾಟಿಸಿ ಬಾಗಿಲು ಹಾಕಿದರು. ನನ್ನನ್ನು ಮಾತ್ರ ಉಳಿಸಿಕೊಂಡರು. ಮಂಚದ ಪಕ್ಕ ಕೂತು, "ಎಂತ ಬೇಕು, ಅಕ್ಕ?" ಎಂದು ಒಮ್ಮೆ ಮಾತ್ರ ಕೇಳಿದರು. ಆಮೇಲೆ ಏನೂ ಕೇಳಲಿಲ್ಲ. ಅಮ್ಮ ತಡಕಾಡಿದಳು, ಅವಳ ಹಣೆಯಲ್ಲಿ ಬೆವರು ಮೂಡಿತು. ಆ ಪದವನ್ನು ನಾನೇ ಹೇಳಿಕೊಟ್ಟುಬಿಡಬೇಕೆಂದು ಪ್ರಾಣ ಚಡಪಡಿಸಿತು. ಯಾವ ಪದವೆಂದು ನನಗೇನು ಗೊತ್ತಿತ್ತು? ಮಾವ ಕಾದರು. ಕಾಯುವುದು ಅವರಿಗೆ ಇಷ್ಟು ಚೆನ್ನಾಗಿ ಬರುತ್ತದೆಂದು ನನಗೆ ತಿಳಿದೇ ಇರಲಿಲ್ಲ.

"ಪಿ... ದಾಯಿ" ಎಂದಳು ಅಮ್ಮ.

ತುಳುವಿನಲ್ಲಿ ಹೊರಗೆ ಎಂದು. ಅವಳಿಗೆ ಹೊರಗೆ ಹೋಗಬೇಕಿತ್ತು!

ಇಬ್ಬರೂ ಸೇರಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಜಗಲಿಗೆ ತಂದೆವು. ಅಲ್ಲಿ ಮಾವ ಅಟ್ಟಿದ ನೆಂಟರೆಲ್ಲ ಸೇರಿ ಸಂತೆಯೇ ನಡೆದಿತ್ತು. ಅಮ್ಮನನ್ನು ಕಂಡದ್ದೇ ಎಲ್ಲರೂ ಒಟ್ಟಿಗೆ ಬಾಯಿ ತೆರೆದರು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಸೊಟ್ಟಗಾಗಿದ್ದ ಬಾಯಿಯ ಒಂದು ಕಡೆ ನಗು ಅರಳಿತು.

ದೊಡ್ಡಮ್ಮ ಮಾವನ ಕಡೆ ತಿರುಗಿದರು. "ಈಗ ನಮ್ಮನ್ನು ಎಲ್ಲಿಗೆ ಓಡಿಸ್ತೀಯಾ?"

ಮಾವ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದವರು, ನಿಂತವರಿಗೆಂದು ಇನ್ನೆರಡು ಕುರ್ಚಿ ಹೊತ್ತುಕೊಂಡು ಬಂದರು.