ಡಿಸ್ಟ್ರಾಯರ್ ಹುಡುಗನ ಸಂಬಂಧ

ಯುದ್ಧನೌಕೆಯಲ್ಲಿ ಕೆಲಸ ಎಂದು ಒಮ್ಮೆ ಬಾಯಿಬಿಟ್ಟರೆ ಸಾಕು, ಆಮೇಲೆ ಊರಿನಲ್ಲಿ ನೆಮ್ಮದಿಯಿಂದ ಇರುವ ಹಾಗಿಲ್ಲ. ರಜೆಗೆ ಕಾಪುವಿಗೆ ಬಂದಾಗಲೆಲ್ಲ ಒಂದಲ್ಲ ಒಂದು ಫಜೀತಿ. ನನ್ನ ಮದುವೆಯ ಮಾತು ಶುರುವಾದ ಮೇಲಂತೂ ಕೇಳುವುದೇ ಬೇಡ.

ಹೆಸರಿನ ತರ್ಜುಮೆ

ಮಗ ಡಿಸ್ಟ್ರಾಯರಿನಲ್ಲಿದ್ದಾನೆ ಎಂದು ಅಮ್ಮ ನೆರೆಮನೆಯ ಬಾಯಮ್ಮನಿಗೆ ಹೇಳಿದರು. ಹಾಗೆಂದರೆ ಎಂತ ಎಂದು ಅವರು ಕೇಳಿದ್ದಕ್ಕೆ, ನಾಶ ಮಾಡುವ ಹಡಗು ಎಂದು ತರ್ಜುಮೆಯನ್ನೂ ಮಾಡಿದರು. ಬಾಯಮ್ಮ ನನ್ನನ್ನು ಗೇಟಿನ ಬಳಿ ನಿಲ್ಲಿಸಿ, ಇಷ್ಟರವರೆಗೆ ಎಷ್ಟು ನಾಶ ಮಾಡಿದ್ದೀ ಎಂದು ವಿಚಾರಿಸಿದರು. ಏನೂ ಇಲ್ಲ ಎಂದೆ. ವಿಮಾನ ಹೊರುವ ದೊಡ್ಡ ಹಡಗಿಗೆ ಕಾವಲು ಹೋಗುವುದು, ಮೇಲಿನಿಂದ ಕ್ಷಿಪಣಿ ಬಂದರೆ ಹೊಡೆದುರುಳಿಸುವುದು, ನೀರಿನಡಿ ಜಲಾಂತರ್ಗಾಮಿ ಉಂಟೋ ಎಂದು ಹುಡುಕುವುದು, ಸರಕಿನ ಹಡಗುಗಳನ್ನು ಕಡಲ್ಗಳ್ಳರಿಂದ ಕಾಯುವುದು, ಹೀಗೆ ಎಲ್ಲವನ್ನೂ ವಿವರಿಸಿದೆ. ಅವರಿಗೆ ಜೀವ ಬಂದಂತಾಯಿತು.

“ವಾಚ್‌ಮನ್ ಕೆಲಸ ಅಂತ ಮೊದಲೇ ಹೇಳಬಾರದಾ ಮಾರಾಯ.”

ಸಂಜೆಯೊಳಗೆ ಓಣಿಗೆಲ್ಲ ನಾನು ವಾಚ್‌ಮನ್ ಆಗಿದ್ದೆ.

ಹೆಣ್ಣು ನೋಡಿದ್ದು

ಎರ್ಮಾಳಿನ ಹುಡುಗಿ, ಮಣಿಪಾಲದ ಲ್ಯಾಬೊಂದರಲ್ಲಿ ಕೆಲಸ. ನೋಡಿದ ಕೂಡಲೇ ಇಷ್ಟವಾದಳು. ಅವಳಿಗೂ ಅಡ್ಡಿಯಿಲ್ಲ ಎಂದು ಅತ್ತಿಗೆಯ ಮೂಲಕ ಸುದ್ದಿ ಬಂತು. ಉಳಿದದ್ದು ಅವಳ ಅಪ್ಪ. ಅವರು ಮೀನುಗಾರಿಕೆಯ ಬೋಟಿನ ತಾಂಡೇಲ. ಆ ಬೋಟು ಕಡಲಿಗಿಳಿದರೆ ಅವರು ಹೇಳಿದ್ದೇ ಆಗಬೇಕು. ನನ್ನ ಸಂಬಳ ಕೇಳಲಿಲ್ಲ, ಜಾತಕವನ್ನೂ ಕೇಳಲಿಲ್ಲ. ಹಡಗಿನಲ್ಲಿ ಎಷ್ಟು ಜನ ಎಂದು ಕೇಳಿದರು. ಸುಮಾರು ಮುನ್ನೂರು ಎಂದೆ.

“ಮುನ್ನೂರು ಜನ ಕಡಲಿಗೆ ಹೋಗಿ ಒಂದು ಬಂಗುಡೆ ಸಹ ತರುವುದಿಲ್ಲವಾ?”

ಯೋಚನೆ ಮಾಡಿ ಹೇಳುತ್ತೇನೆ ಎಂದರು. ಮರುದಿನ ನನ್ನ ರಜೆ ಮುಗಿಯಿತು.

ರಾಡಾರಿನ ಮುಂದೆ

ನಮ್ಮ ಹಡಗಿನಲ್ಲಿ ಮೊಬೈಲ್ ಇಟ್ಟುಕೊಳ್ಳುವ ಹಾಗಿಲ್ಲ. ತಾಂಡೇಲರು ಹೂಂ ಎಂದರೋ ಊಹೂಂ ಎಂದರೋ ತಿಳಿಯುವ ದಾರಿಯೇ ಇರಲಿಲ್ಲ. ಅವಳು ಕೈತಪ್ಪಿ ಹೋದರೆ ಎಂಬ ಹೆದರಿಕೆಗೆ ಊಟ ಸೇರದು, ನಿದ್ದೆ ಹತ್ತದು. ಬಿಡುವು ಸಿಕ್ಕಾಗಲೆಲ್ಲ ಡೆಕ್ಕಿನ ಮೇಲೆ ಶತಪಥ ಹಾಕುತ್ತಿದ್ದೆ. ಒಮ್ಮೆ ರಾಡಾರಿನ ಮುಂದೆ ಕೂತಿದ್ದಾಗ, ಏನಾದರೂ ಕಾಣಿಸಿತೇ ಎಂದು ಅಧಿಕಾರಿ ಕೇಳಿದರು. ನಾನು ಎಲ್ಲೋ ಇದ್ದೆ. ಇನ್ನೂ ಉತ್ತರ ಬಂದಿಲ್ಲ ಸರ್ ಎಂದುಬಿಟ್ಟೆ.

ಶತ್ರುವಿಗೆ ಕಾಗದ ಬರೆದಿದ್ದೀಯಾ ಎಂದು ಅವರು ಕೇಳಿದರು.

ದಾರಿ ಬಿಡಿ

ಸಮರಾಭ್ಯಾಸ ಮುಗಿಸಿ ಕಾರವಾರದ ಕಡೆಗೆ ಬರುತ್ತಿದ್ದೆವು. ಎದುರಿಗೆ ಬಲೆ ಎಳೆಯುತ್ತಾ ಒಂದು ಬೋಟು. ಬಲೆ ಬಿಟ್ಟ ಬೋಟಿಗೆ ದೊಡ್ಡ ಹಡಗೇ ದಾರಿ ಬಿಡಬೇಕೆಂಬುದು ಕಡಲಿನ ನಿಯಮ. ಆದರೂ ಸ್ವಲ್ಪ ಸರಿಯುತ್ತಾರೋ ಕೇಳಿ ನೋಡೋಣ ಎಂದು ನಮ್ಮ ಕ್ಯಾಪ್ಟನ್ ವಯರ್‌ಲೆಸ್‌ನಲ್ಲಿ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಕೇಳಿಸಿದರು. ಉತ್ತರವಾಗಿ ಬಂದದ್ದು ತುಳು. ಕರಾವಳಿಯವನೆಂದು ನನ್ನನ್ನು ತಕ್ಷಣ ಕರೆಸಿದರು.

ಇದು ನೌಕಾಪಡೆಯ ಹಡಗು, ದಯವಿಟ್ಟು ಸ್ವಲ್ಪ ದಾರಿ ಬಿಡಿ ಎಂದು ನಾನು ತುಳುವಿನಲ್ಲಿ ಹೇಳಿದೆ.

“ನೀನು ಕಾಪುವಿನ ಹುಡುಗ ಅಲ್ವಾ? ಹೆಣ್ಣು ನೋಡಲಿಕ್ಕೆ ಬಂದವ?”

ಅದು ಹುಡುಗಿಯ ಅಪ್ಪ, ತಾಂಡೇಲರ ದನಿ. ಇಡೀ ಹಡಗಿನ ಪರವಾಗಿ ದಾರಿ ಕೇಳಬೇಕಾಗಿದ್ದದ್ದು ಇವರ ಬಳಿಯೇ! ಒರಟಾಗಿ ಮಾತಾಡಿದರೆ ಹುಡುಗಿ ಕೈತಪ್ಪುತ್ತಾಳೆ, ಸುಮ್ಮನಿದ್ದರೆ ಕೆಲಸಕ್ಕೇ ಸಂಚಕಾರ. ಹೌದು, ನಾನೇ, ಏನಾದರೂ ಮಾಡಿ ಸ್ವಲ್ಪ ದಾರಿ ಕೊಡಿ ಎಂದು ಅಂಗಲಾಚಿದೆ.

“ನೋಡು, ಹುಡುಗಿಯನ್ನು ಕೊಡ್ತೇನೆ. ದಾರಿ ಮಾತ್ರ ಕೊಡುವುದಿಲ್ಲ. ಬಲೆಯಲ್ಲಿ ಮೀನು ಉಂಟು.”

ವಯರ್‌ಲೆಸ್‌ನಲ್ಲಿ ಇದನ್ನೆಲ್ಲ ಕೇಳುತ್ತಿದ್ದ ಸುತ್ತಲಿನ ಬೋಟುಗಳಿಂದೆಲ್ಲ ಹಾರನ್ ಮೊಳಗಿತು. ಅವರೇನೆಂದರು ಎಂದು ಕ್ಯಾಪ್ಟನ್ ಕೇಳಿದರು. ಖುಷಿಯಲ್ಲಿ ನನಗೆ ಹಡಗೂ ಮರೆತಿತ್ತು, ದಾರಿಯೂ ಮರೆತಿತ್ತು.

“ಒಪ್ಪಿದರು ಸರ್” ಎಂದೆ.

ಕ್ಯಾಪ್ಟನ್ ದುರ್ಬೀನು ಎತ್ತಿ ಬಹಳ ಹೊತ್ತು ನೋಡಿದರು.

“ಒಪ್ಪಿದರೆ ಮತ್ತೆ ಬೋಟು ಯಾಕೆ ಸರಿಯುತ್ತಿಲ್ಲ?”